ಒಬ್ಬರು ಹಾರಲು ಹತ್ತು ಜನ ಬೇಕು

ಬ್ರಿಟನ್ನಿನಲ್ಲಿ ಕಾರು ಓಡಿಸಬೇಕಾದರೆ 17 ವರ್ಷ ತುಂಬಿರಬೇಕು. ಎಂಜಿನ್ ಇಲ್ಲದ ವಿಮಾನವನ್ನು, ಅಂದರೆ ಗ್ಲೈಡರನ್ನು, ಒಬ್ಬರೇ ಕುಳಿತು ಹಾರಿಸಲು 14 ಸಾಕು. ಇನ್ನೂ ಹೈಸ್ಕೂಲು ದಾಟದ ಹುಡುಗಿಯೊಬ್ಬಳು ಬೋಧಕರ ನೆರವಿಲ್ಲದೆ ಮುನ್ನೂರು ನಾನ್ನೂರು ಮೀಟರ್ ಮೇಲೇರಿ, ಮೈದಾನದ ಸುತ್ತ ತಿರುಗಿ, ಹುಲ್ಲಿನ ಮೇಲೆ ನವಿರಾಗಿ ಇಳಿಯುತ್ತಾಳೆ. ಅವಳ ಅಪ್ಪ ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಇದನ್ನು ಹೇಳಿದಾಗ ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆ ಒಂದೇ: ಅಷ್ಟು ಚಿಕ್ಕ ಮಕ್ಕಳನ್ನು ನಂಬಿ ಆಕಾಶಕ್ಕೆ ಹೇಗೆ ಬಿಡುತ್ತಾರೆ? ಅದಕ್ಕೆ ಉತ್ತರ ಸಿಗುವುದು ಗ್ಲೈಡಿಂಗ್ ಕ್ಲಬ್ಬಿನ ಮೈದಾನದಲ್ಲಿ. ಶನಿವಾರ, ಭಾನುವಾರ ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲಿ ನಡೆಯುವ ಕೆಲಸವನ್ನು ನೋಡಿದರೆ ಆ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಲಂಡನ್ನಿನ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ಡನ್‌ಸ್ಟೆಬಲ್ ಎಂಬ ಊರಿದೆ. ಊರಿನ ಅಂಚಿನಲ್ಲಿ ಸೀಮೆಸುಣ್ಣದ ಕಲ್ಲಿನ ಉದ್ದನೆಯ ಗುಡ್ಡಸಾಲು. ಅದರ ಬುಡದಲ್ಲಿ ಲಂಡನ್ ಗ್ಲೈಡಿಂಗ್ ಕ್ಲಬ್ಬಿನ ಹುಲ್ಲು ಮೈದಾನ. ಕ್ಲಬ್ ಶುರುವಾಗಿದ್ದು 1930ರಲ್ಲಿ. ಪಕ್ಕದ ವಿಪ್ಸ್‌ನೇಡ್ ಮೃಗಾಲಯದವರು 1933ರಲ್ಲಿ ಗುಡ್ಡದ ಮೈಯ ಹುಲ್ಲು ಕೆರೆದು ಬಿಳಿ ಸುಣ್ಣಕಲ್ಲಿನಲ್ಲಿ ಮೂಡಿಸಿದ ಭಾರೀ ಸಿಂಹದ ಚಿತ್ರ ಮೇಲಿನಿಂದ ಬಹು ದೂರಕ್ಕೆ ಕಾಣುತ್ತದೆ. ಪೈಲಟ್‌ಗಳಿಗೆ ಅದೇ ಗುರುತು. ಬ್ರಿಟನ್ನಿನಲ್ಲಿ ಇಂಥ ಕ್ಲಬ್ಬುಗಳು ಸುಮಾರು 80 ಇವೆ. ಹೆಚ್ಚಿನವು ಸದಸ್ಯರೇ ಸೇರಿ ನಡೆಸುವ ಸಂಘಗಳು. ಬಹುತೇಕ ಬೋಧಕರು ಸಂಬಳವಿಲ್ಲದೆ ಕಲಿಸುತ್ತಾರೆ. ವಾರವಿಡೀ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ದುಡಿದವರು ವಾರಾಂತ್ಯಕ್ಕೆ ಇಲ್ಲಿಗೆ ಬರುತ್ತಾರೆ.

ಬೆಳಗಿನ ಮೊದಲ ಕೆಲಸ ಹ್ಯಾಂಗರ್ ಬಾಗಿಲು ತೆರೆಯುವುದು. ಒಳಗೆ ಗ್ಲೈಡರುಗಳನ್ನು ರೆಕ್ಕೆಯ ಕೆಳಗೆ ರೆಕ್ಕೆ ತೂರಿಸಿ ನಿಲ್ಲಿಸಿರುತ್ತಾರೆ. ಒಂದನ್ನು ಹೊರತೆಗೆಯಬೇಕಾದರೆ ನಾಲ್ಕೈದು ಜನ ಬೇಕು: ಒಬ್ಬರು ಬಾಲ ಹಿಡಿಯಬೇಕು, ಇಬ್ಬರು ರೆಕ್ಕೆಯ ತುದಿಗಳನ್ನು ಕಾಯಬೇಕು, ಇನ್ನೊಬ್ಬರು ಮೂಗಿನ ಬಳಿ ನಿಂತು ದಾರಿ ಹೇಳಬೇಕು. ಮೈದಾನಕ್ಕೆ ಬಂದ ಪ್ರತಿ ಗ್ಲೈಡರಿಗೂ ದಿನದ ತಪಾಸಣೆ. ಒಬ್ಬರು ಹೊರಗೆ ನಿಂತು ಬಾಲದ ಪಟ್ಟಿಯನ್ನು ಕೈಯಿಂದ ಬಿಗಿಯಾಗಿ ಒತ್ತಿ ಹಿಡಿಯುತ್ತಾರೆ, ಒಳಗಿದ್ದವರು ಹಿಡಿಕೆಯನ್ನು ಹಿಂದೆ ಮುಂದೆ ದೂಡಿ ಸಂಪರ್ಕ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಟೈರು, ಬೆಲ್ಟು, ಕೇಬಲ್ ಬಿಡುವ ಕೊಕ್ಕೆ, ಪ್ಯಾರಾಶೂಟು, ಎಲ್ಲವನ್ನೂ ನೋಡಿದ ಮೇಲೆ ಪುಸ್ತಕದಲ್ಲಿ ಸಹಿ. ಸಹಿ ಬೀಳದ ಗ್ಲೈಡರ್ ನೆಲ ಬಿಡುವಂತಿಲ್ಲ. ಆಮೇಲೆ ಆ ದಿನದ ಹೊಣೆ ಹೊತ್ತ ಬೋಧಕರು ಎಲ್ಲರನ್ನೂ ಸೇರಿಸಿ ಗಾಳಿಯ ದಿಕ್ಕು, ಮೋಡದ ತಳ ಎಷ್ಟು ಎತ್ತರಕ್ಕೆ ಬಂದೀತು, ಯಾವ ವಾಯುಪ್ರದೇಶಕ್ಕೆ ಹೋಗಬಾರದು ಎಂಬುದನ್ನು ಹೇಳುತ್ತಾರೆ. ಡನ್‌ಸ್ಟೆಬಲ್‌ಗೆ ಲೂಟನ್ ವಿಮಾನ ನಿಲ್ದಾಣ ತೀರಾ ಹತ್ತಿರ. ಗಡಿ ಎಲ್ಲಿದೆ ಎಂಬುದು ಹೊಸಬರಿಗೂ ಬಾಯಿಪಾಠವಾಗಿರಬೇಕು.

ಇಲ್ಲಿ ಪ್ರೇಕ್ಷಕರು ಎಂಬ ವರ್ಗವೇ ಇಲ್ಲ. ಇನ್ನೂ ಹಾರದವರು ಕೆಲಸ ಮಾಡುತ್ತಿರುತ್ತಾರೆ, ಹಾರಿ ಬಂದವರೂ ಕೆಲಸ ಮಾಡುತ್ತಿರುತ್ತಾರೆ. ಒಬ್ಬರು ಗ್ಲೈಡರನ್ನು ಕೇಬಲ್ಲಿನಿಂದ ಎಳೆದು ಮೇಲೇರಿಸುವ ವಿಂಚ್ ನಡೆಸುತ್ತಾರೆ, ಒಬ್ಬರು ಕೇಬಲ್ ತರುತ್ತಾರೆ, ಒಬ್ಬರು ರೆಕ್ಕೆ ಹಿಡಿಯುತ್ತಾರೆ, ಒಬ್ಬರು ಸಂಕೇತ ಕೊಡುತ್ತಾರೆ, ಮತ್ತೊಬ್ಬರು ಯಾರು ಯಾವಾಗ ಏರಿದರು, ಯಾವಾಗ ಇಳಿದರು ಎಂದು ಬರೆದಿಡುತ್ತಾರೆ. ಇಳಿದ ಗ್ಲೈಡರನ್ನು ಮತ್ತೆ ಸಾಲಿಗೆ ತರಲು ಇನ್ನಿಬ್ಬರು ಬೇಕು. ನಮ್ಮ ಊರ ಜಾತ್ರೆಯ ತೇರಿನಂತೆ, ಮೇಲೆ ಕೂತವರು ಒಬ್ಬಿಬ್ಬರು, ಹಗ್ಗ ಹಿಡಿದವರು ಊರಿಗೆ ಊರೇ. ಹದಿಮೂರರ ಹುಡುಗನೂ ಎಪ್ಪತ್ತರ ನಿವೃತ್ತರೂ ಒಂದೇ ಸಾಲಿನಲ್ಲಿ ನಿಂತು ತಮ್ಮ ಸರದಿ ಕಾಯುತ್ತಾರೆ. ಚಿಕ್ಕವರು ಎಂದು ಯಾರನ್ನೂ ಪಕ್ಕಕ್ಕೆ ಕೂರಿಸುವುದಿಲ್ಲ. ಸರಿಯಾಗಿ ಕಲಿತ ಹದಿಹರೆಯದ ಹುಡುಗಿ "ನಿಲ್ಲಿಸಿ" ಎಂದು ಕೂಗಿದರೆ ಎಂಥ ಹಿರಿಯ ಪೈಲಟ್ ಆದರೂ ಆ ಉಡಾವಣೆ ನಿಲ್ಲಲೇಬೇಕು. ಅಪಾಯ ಕಂಡವರು ಯಾರೇ ಆಗಿರಲಿ, ಅವರ ಮಾತೇ ಅಂತಿಮ.

ಕಳೆದ ಬೇಸಿಗೆಯ ಒಂದು ವಾರಾಂತ್ಯ ನಾನು ಅಲ್ಲಿದ್ದೆ. ಎರಡು ಸೀಟಿನ ಗ್ಲೈಡರಿನಲ್ಲಿ ಕಲಿಯುವವರದು ಮುಂದಿನ ಜಾಗ, ಬೋಧಕರದು ಹಿಂದಿನದು. ವಿಮಾನದ ಹೆಸರು ಎಎಸ್‌ಕೆ 21. ಜರ್ಮನಿಯಲ್ಲಿ ತಯಾರಾಗುವ ಈ ಬಿಳಿ ಗ್ಲೈಡರ್ 1979ರಲ್ಲಿ ಮೊದಲು ಹಾರಿತು. ಜಗತ್ತಿನ ಎಷ್ಟೋ ಕ್ಲಬ್ಬುಗಳಲ್ಲಿ ಇಂದಿಗೂ ಇದೇ ಮೊದಲ ಪಾಠಶಾಲೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 17 ಮೀಟರ್. ಒಳಗೆ ಕಾಲು ಚಾಚಿ ಅರ್ಧ ಒರಗಿ ಕೂರಬೇಕು. ಎದುರಿಗೆ ವೇಗ, ಎತ್ತರ ಮತ್ತು ಏರಿಳಿತ ತೋರಿಸುವ ನಾಲ್ಕಾರು ಮುಳ್ಳುಗಳು. ಹಳದಿ ಗುಬಟು ಎಳೆದರೆ ಕೇಬಲ್ ಕಳಚುತ್ತದೆ, ನೀಲಿ ಹಿಡಿಕೆ ಎಳೆದರೆ ರೆಕ್ಕೆಯ ಮೇಲೆ ಏರ್‌ಬ್ರೇಕ್ ಏಳುತ್ತದೆ. ಯಾವ ದೇಶದ ಯಾವ ಗ್ಲೈಡರಿನಲ್ಲಿ ಕೂತರೂ ಈ ಬಣ್ಣಗಳ ಅರ್ಥ ಒಂದೇ.

ತಲೆಯ ಮೇಲೆ ಗಾಜಿನ ಮುಚ್ಚಳ ಮುಚ್ಚಿ ಚಿಲಕ ಹಾಕಿದ ಮೇಲೆ ಕೊನೆಯ ಪರೀಕ್ಷೆಗಳನ್ನು ಗಟ್ಟಿಯಾಗಿ ಹೇಳುತ್ತಾ ಮುಗಿಸಬೇಕು. ಮೈದಾನದ ಇನ್ನೊಂದು ತುದಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ವಿಂಚ್ ಇರುತ್ತದೆ. ದೊಡ್ಡ ಎಂಜಿನ್, ಅದಕ್ಕೆ ಕೂಡಿಸಿದ ಉರುಳೆ, ಉರುಳೆಗೆ ಸುತ್ತಿಕೊಳ್ಳುವ ಕೇಬಲ್. ಕೇಬಲ್ಲಿನ ತುದಿಯಲ್ಲಿ ಬಣ್ಣ ಬಳಿದ ಒಂದು ಚಿಕ್ಕ ಲೋಹದ ಕೊಂಡಿ. ಎಳೆತ ಮಿತಿ ಮೀರಿದರೆ ಗ್ಲೈಡರಿಗೆ ಪೆಟ್ಟಾಗುವ ಮೊದಲೇ ಆ ಕೊಂಡಿ ಮುರಿದು ಬೀಳುವಂತೆ ಅದನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ರೆಕ್ಕೆ ಹಿಡಿದವರು ಮೇಲೆ, ಹಿಂದೆ ಕಣ್ಣಾಡಿಸಿ ದಾರಿ ತೆರವಾಗಿದೆ ಎಂದ ಮೇಲೆ ಸಂಕೇತ ಹೋಗುತ್ತದೆ. ಹುಲ್ಲಿನಲ್ಲಿ ಸಡಿಲವಾಗಿ ಬಿದ್ದಿದ್ದ ಕೇಬಲ್ ನಿಧಾನವಾಗಿ ನೇರವಾಗುತ್ತದೆ. ಮುಂದಿನ ಕೆಲವೇ ಸೆಕೆಂಡುಗಳಲ್ಲಿ ವೇಗ ಗಂಟೆಗೆ ನೂರು ಕಿಲೋಮೀಟರಿನ ಹತ್ತಿರ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ, ನೆಲ ಕಣ್ಣಿನಿಂದ ಮರೆಯಾಗುತ್ತದೆ, ಎದುರಿಗೆ ಬರೀ ಆಕಾಶ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮುನ್ನೂರು ಮೀಟರಿಗೂ ಮೇಲೆ. ಹಳದಿ ಗುಬಟನ್ನು ಎರಡು ಬಾರಿ ಎಳೆದರೆ ಕೇಬಲ್ ಕಳಚಿ, ತನ್ನ ಪುಟ್ಟ ಪ್ಯಾರಾಶೂಟಿನ ಜೊತೆ ಕೆಳಗಿಳಿಯುತ್ತದೆ. ಆ ಮೇಲಿನ ನಿಶ್ಶಬ್ದದಲ್ಲಿ ಕೇಳುವುದು ಗ್ಲೈಡರಿನ ಮೈ ಸವರಿ ಹೋಗುವ ಗಾಳಿಯ ಸದ್ದೊಂದೇ.

ಈ ಅರ್ಧ ನಿಮಿಷದ ಹಿಂದೆ ಎಷ್ಟು ಶಿಸ್ತು ಇದೆ ಎಂಬುದನ್ನು ಹೇಳಲೇಬೇಕು. ಏರುವಾಗ ಕೇಬಲ್ ತುಂಡಾದರೆ ಮೂಗು ಆಕಾಶದ ಕಡೆಗೆ ಇರುವ ಗ್ಲೈಡರ್ ಕ್ಷಣದಲ್ಲಿ ವೇಗ ಕಳೆದುಕೊಳ್ಳುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಹಿಡಿಕೆಯನ್ನು ಮುಂದಕ್ಕೆ ದೂಡಿ ಮೂಗನ್ನು ದಿಗಂತದ ಕೆಳಗೆ ತರುವುದು. ಎರಡನೆಯದು ವೇಗ ಮರಳಿ ಬರುವ ತನಕ ಕಾಯುವುದು. ಎಲ್ಲಿ ಇಳಿಯಬೇಕು ಎಂಬ ನಿರ್ಧಾರ ಬರುವುದು ಆಮೇಲೆ. ನೆಲ ಹತ್ತಿರವಿದ್ದಾಗ ಮೂಗು ತಗ್ಗಿಸಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಬೋಧಕರು ಮುನ್ಸೂಚನೆ ಕೊಡದೆ ತಾವೇ ಕೇಬಲ್ ಕಳಚಿ ಶಿಷ್ಯರನ್ನು ಮತ್ತೆ ಮತ್ತೆ ಈ ಸಂದರ್ಭಕ್ಕೆ ಒಡ್ಡುತ್ತಾರೆ. ಇದನ್ನು ಬೇರೆ ಬೇರೆ ಎತ್ತರಗಳಲ್ಲಿ ಸರಿಯಾಗಿ ಮಾಡಿ ತೋರಿಸದವರಿಗೆ ಒಂಟಿ ಹಾರಾಟವಿಲ್ಲ. 2005ರಲ್ಲಿ ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ ಹಳೆಯ ವಿಂಚ್ ಅಪಘಾತಗಳನ್ನೆಲ್ಲ ಕೂಲಂಕಷವಾಗಿ ನೋಡಿ, ಸುರಕ್ಷಿತ ಉಡಾವಣೆಗಾಗಿ ಒಂದು ಅಭಿಯಾನವನ್ನೇ ಕೈಗೊಂಡಿತು. ಅದರ ನಂತರ ಇಂಥ ಅಪಘಾತಗಳು ಗಣನೀಯವಾಗಿ ಇಳಿದವು. ಗ್ಲೈಡಿಂಗ್‌ನಲ್ಲಿ ಅಪಾಯ ಇಲ್ಲವೆಂದು ಯಾವ ಕ್ಲಬ್ಬೂ ಹೇಳುವುದಿಲ್ಲ. ಅಪಾಯವನ್ನು ಹೆಸರಿಟ್ಟು ಕರೆದು, ಅದಕ್ಕೆ ತಕ್ಕ ಪಾಠ ಮಾಡುವುದೇ ಅವರ ದಾರಿ.

ಎಂಜಿನ್ ಇಲ್ಲದಿದ್ದರೆ ಇದು ಹಾರುವುದು ಹೇಗೆ? ಗ್ಲೈಡರಿಗೆ ಭೂಮಿಯ ಸೆಳೆತವೇ ಎಂಜಿನ್. ಅದು ಸದಾ ತನ್ನ ಸುತ್ತಲಿನ ಗಾಳಿಯೊಳಗೆ ಕೆಳಗೆ ಜಾರುತ್ತಲೇ ಇರುತ್ತದೆ. ಹಾಗೆ ಜಾರುವಾಗ ಸಿಗುವ ವೇಗದಿಂದ ರೆಕ್ಕೆ ಭಾರವನ್ನು ಹೊರುತ್ತದೆ. ಜಾರುವಿಕೆ ಎಷ್ಟು ನಿಧಾನವೆಂದರೆ, ಎಎಸ್‌ಕೆ 21 ಗಾಳಿಯಿಲ್ಲದ ದಿನ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು 34 ಕಿಲೋಮೀಟರ್ ಮುಂದೆ ಸಾಗಿರುತ್ತದೆ. ಸ್ಪರ್ಧೆಗಳಿಗೆಂದೇ ಮಾಡಿದ ಉದ್ದ ರೆಕ್ಕೆಯ ಗ್ಲೈಡರುಗಳು 60 ಕಿಲೋಮೀಟರ್ ದಾಟುವುದೂ ಉಂಟು. ನಿಧಾನವಾಗಿ ಹಾರಿಸಿದರೆ ಎಎಸ್‌ಕೆ 21 ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಕಡಿಮೆ ಇಳಿಯುತ್ತದೆ. ಅಂದ ಮೇಲೆ ಸುತ್ತಲಿನ ಗಾಳಿ ಸೆಕೆಂಡಿಗೆ ಎರಡು ಮೀಟರ್ ಮೇಲೇರುತ್ತಿದ್ದರೆ ಲೆಕ್ಕ ಸರಳ: ಗ್ಲೈಡರ್ ಗಾಳಿಯೊಳಗೆ ಇಳಿಯುತ್ತಿದ್ದರೂ ನೆಲದಿಂದ ಮೇಲೇರುತ್ತಿರುತ್ತದೆ. ಇಡೀ ವಿದ್ಯೆ ಇರುವುದು ಆ ಏರುಗಾಳಿಯನ್ನು ಹುಡುಕುವುದರಲ್ಲಿ.

ಬಿಸಿಲು ನೆಲವನ್ನು ಎಲ್ಲೆಡೆ ಒಂದೇ ಸಮ ಕಾಯಿಸುವುದಿಲ್ಲ. ಉತ್ತ ಹೊಲ, ಕೊಯ್ಲಾದ ಗೋಧಿಗದ್ದೆ, ಊರಿನ ಹೆಂಚಿನ ಮನೆಗಳು ಬೇಗ ಕಾಯುತ್ತವೆ. ಕೆರೆ, ಕಾಡು, ಒದ್ದೆ ಹುಲ್ಲು ತಡವಾಗಿ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಕಳಚಿಕೊಂಡು ಮೇಲೇಳುತ್ತದೆ. ಪೈಲಟ್‌ಗಳು ಇದನ್ನು ಥರ್ಮಲ್ ಎನ್ನುತ್ತಾರೆ. ನಮ್ಮ ಬಯಲುಸೀಮೆಯವರು ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲದ ಮೇಲೆ ಧೂಳು, ತರಗೆಲೆ ಎತ್ತಿಕೊಂಡು ಓಡುವ ಸುಳಿಗಾಳಿಯನ್ನು ನೋಡಿಯೇ ಇರುತ್ತಾರೆ. ಅದು ಥರ್ಮಲ್ಲಿನ ಬುಡ. ಮೇಲೇರುವ ಗಾಳಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಅದರಲ್ಲಿನ ತೇವ ಹನಿಗಟ್ಟುವಷ್ಟು ತಣಿದಾಗ, ಅಲ್ಲೊಂದು ಬಿಳಿ ಮೋಡ ಹುಟ್ಟುತ್ತದೆ. ತಳ ಸಮತಟ್ಟಾಗಿ, ಕಪ್ಪಗೆ, ಅಂಚು ಚೂಪಾಗಿ ಕಂಡರೆ ಕೆಳಗಿನ ಏರುಗಾಳಿ ಇನ್ನೂ ಜೀವಂತವಾಗಿದೆ ಎಂದರ್ಥ. ಅಂಚು ಚಿಂದಿಯಾಗಿದ್ದರೆ ಅದು ಸಾಯುತ್ತಿರುವ ಮೋಡ, ಅತ್ತ ಹೋಗಿ ಪ್ರಯೋಜನವಿಲ್ಲ.

ಥರ್ಮಲ್ಲಿಗೆ ಹೊಕ್ಕಾಗ ಮೊದಲು ಸೀಟು ಮೇಲಕ್ಕೆ ನೂಕಿದಂತಾಗುತ್ತದೆ. ಆಮೇಲೆ ಏರಿಳಿತ ಅಳೆಯುವ ವೇರಿಯೋಮೀಟರಿನ ಸದ್ದು. ಏರುತ್ತಿದ್ದರೆ ಬೀಪ್ ಬೀಪ್ ಎಂಬ ಸ್ವರ ಚುರುಕಾಗಿ ಮೇಲಕ್ಕೆ ಹೋಗುತ್ತದೆ, ಇಳಿಯುತ್ತಿದ್ದರೆ ಸ್ವರ ತಗ್ಗುತ್ತದೆ. ಹಾಗಾಗಿ ಪೈಲಟ್ ಕಣ್ಣನ್ನು ಮುಳ್ಳಿನ ಮೇಲಿಡದೆ ಹೊರಗಿಟ್ಟು, ಕಿವಿಯಿಂದಲೇ ಏರಿಳಿತ ತಿಳಿಯಬಹುದು. ರೆಕ್ಕೆ ವಾಲಿಸಿ ಏರುಗಾಳಿಯ ನಡುವನ್ನು ಸುತ್ತತೊಡಗಬೇಕು. ಒಂದು ಥರ್ಮಲ್ಲಿಗೆ ಮೊದಲು ಬಂದವರು ಎಡಕ್ಕೆ ಸುತ್ತುತ್ತಿದ್ದರೆ ಆಮೇಲೆ ಬಂದವರೆಲ್ಲ ಎಡಕ್ಕೇ ಸುತ್ತಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಅಂದು ಮಧ್ಯಾಹ್ನ ನಮಗಿಂತ ಮೊದಲೇ ಒಂದು ಕವಲುಬಾಲದ ಹದ್ದು ಸುತ್ತುತ್ತಿತ್ತು. ಬೋಧಕರು ಅದನ್ನು ಕಂಡೊಡನೆ ಗ್ಲೈಡರನ್ನು ಆ ಕಡೆಗೆ ತಿರುಗಿಸಿದರು. ರೆಕ್ಕೆ ಬಡಿಯದೆ, ಬಾಲವನ್ನಷ್ಟೇ ಅತ್ತಿತ್ತ ತಿರುಚುತ್ತ ಅದು ನಮ್ಮ ರೆಕ್ಕೆಯ ತುದಿಗೆ ಸಮನಾಗಿ ಸುತ್ತಿ, ನಮಗಿಂತ ಬೇಗ ಮೇಲೇರಿ ಹೋಯಿತು. ಅದು ರೆಡ್ ಕೈಟ್. ಇಂಗ್ಲೆಂಡಿನಲ್ಲಿ ಅಳಿದೇ ಹೋಗಿದ್ದ ಈ ಹಕ್ಕಿಯನ್ನು 1989ರಿಂದ, ಡನ್‌ಸ್ಟೆಬಲ್ ಗುಡ್ಡವೂ ಸೇರಿರುವ ಚಿಲ್ಟರ್ನ್ ಗುಡ್ಡಗಳಿಗೆ ಮರಳಿ ತಂದು ಬಿಟ್ಟರು. ನಮ್ಮ ಊರುಗಳ ಮೇಲೆ ದಿನವೂ ಸುತ್ತುವ ಕಂದು ಹದ್ದಿಗೆ ಇದು ಹತ್ತಿರದ ಬಂಧು. ಎರಡೂ ಒಂದೇ ಕುಲದವು.

ಬಿಸಿಲಿಲ್ಲದ ದಿನ ಗುಡ್ಡ ಕೆಲಸಕ್ಕೆ ಬರುತ್ತದೆ. ಪಶ್ಚಿಮದ ಗಾಳಿ ಬಂದು ಡನ್‌ಸ್ಟೆಬಲ್ ಗುಡ್ಡಸಾಲಿಗೆ ಬಡಿದಾಗ ದಾರಿ ಕಾಣದೆ ಮೇಲೇಳುತ್ತದೆ. ಆ ಪಟ್ಟಿಯಲ್ಲಿ ಹಿಂದೆ ಮುಂದೆ ಓಡಾಡಿಕೊಂಡು ಗಂಟೆಗಟ್ಟಲೆ ಎತ್ತರ ಉಳಿಸಿಕೊಳ್ಳಬಹುದು. ಇಲ್ಲಿಯೂ ನಿಯಮಗಳಿವೆ. ತಿರುಗುವಾಗ ಯಾವಾಗಲೂ ಗುಡ್ಡದಿಂದ ಆಚೆಗೇ ತಿರುಗಬೇಕು. ಎದುರುಬದುರು ಬಂದರೆ ಗುಡ್ಡ ಬಲಗಡೆ ಇದ್ದವರಿಗೆ ದಾರಿ ಬಿಡಬೇಕು, ಏಕೆಂದರೆ ಅವರಿಗೆ ಬಲಕ್ಕೆ ಸರಿಯಲು ಜಾಗವಿಲ್ಲ.

ಗ್ಲೈಡರಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾಕ್‌ಪಿಟ್ಟಿನ ಗಾಜಿನ ಹೊರಗೆ, ನಡುಮಧ್ಯೆ ಅಂಟಿಸಿದ ಬೆರಳುದ್ದದ ಕೆಂಪು ಉಣ್ಣೆ ದಾರ. ಗ್ಲೈಡರ್ ಗಾಳಿಗೆ ನೇರವಾಗಿ ಸಾಗುತ್ತಿದ್ದರೆ ದಾರವೂ ನೇರ. ಕಾಲು ಮತ್ತು ಕೈಯ ಹೊಂದಾಣಿಕೆ ತಪ್ಪಿ ಮೈ ಓರೆಯಾದರೆ ದಾರವೂ ಓರೆ. ಹಿಡಿಕೆಯನ್ನು ಎಡಕ್ಕೆ ಒಯ್ದು ಎಡಗಾಲಿನಿಂದ ಬಾಲದ ಚುಕ್ಕಾಣಿಯನ್ನು (ರಡ್ಡರ್) ಒತ್ತಲು ಒಂದಿಷ್ಟು ತಡಮಾಡಿದರೂ ಅದು ತಟ್ಟನೆ ಪಕ್ಕಕ್ಕೆ ವಾಲುತ್ತದೆ. ಲಕ್ಷಾಂತರ ರೂಪಾಯಿಯ ಉಪಕರಣಗಳಿರುವ ಸ್ಪರ್ಧಾ ಗ್ಲೈಡರುಗಳಲ್ಲೂ ಈ ದಾರ ಇದ್ದೇ ಇರುತ್ತದೆ. ವಿಮಾನ ಕಂಡುಹಿಡಿದ ರೈಟ್ ಸಹೋದರರೂ ಇಂಥ ದಾರವನ್ನೇ ನಂಬಿದ್ದರು. ವಿದ್ಯಾರ್ಥಿಯ ಕೈ ಹೇಗೆ ಪಳಗುತ್ತಿದೆ ಎಂಬುದನ್ನು ಬೋಧಕರು ಹಿಂದಿನ ಸೀಟಿನಿಂದಲೇ ಈ ದಾರ ನೋಡಿ ಹೇಳುತ್ತಾರೆ.

ಇಳಿಯುವಾಗ ಗ್ಲೈಡರಿಗೆ ಸಿಗುವುದು ಒಂದೇ ಅವಕಾಶ. ಎಂಜಿನ್ ವಿಮಾನದ ಪೈಲಟ್ ಲೆಕ್ಕ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬಹುದು. ಗ್ಲೈಡರಿನಲ್ಲಿ ಆ ದಾರಿ ಇಲ್ಲ. ಹಾಗಾಗಿ ಎತ್ತರ ಎಷ್ಟಿದೆ, ಎದುರುಗಾಳಿ ಎಷ್ಟು, ಮೈದಾನದಲ್ಲಿ ಯಾರಿದ್ದಾರೆ ಎಂಬುದನ್ನು ಬೇಗನೆ ತೂಗಿ ನೋಡಿ ಸುತ್ತು ಹಾಕಿಕೊಂಡು ಬರಬೇಕು. ಸ್ವಲ್ಪ ಎತ್ತರವೇ ಇರುವಂತೆ ಬಂದು ಹೆಚ್ಚಾದದ್ದನ್ನು ಏರ್‌ಬ್ರೇಕಿನಿಂದ ಕಳೆಯುವುದು ಕ್ರಮ.

ಈ ಅಭ್ಯಾಸದ ಬೆಲೆ ಜಗತ್ತಿಗೆ ಗೊತ್ತಾಗಿದ್ದು 1983ರ ಜುಲೈ 23ರಂದು. ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಕಿಲೋಗ್ರಾಂ ಬದಲು ಪೌಂಡಿನ ಲೆಕ್ಕದಲ್ಲಿ ಇಂಧನ ತುಂಬಿದ್ದರು. 41 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತ ಬಂದು, ಎರಡೂ ಎಂಜಿನ್ ಒಂದಾದ ಮೇಲೊಂದು ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ವಿಮಾನ ಎತ್ತರದಲ್ಲೇ ಇದೆ, ಕೆಳಗೆ ಹಳೆಯ ವಾಯುನೆಲೆಯ ರನ್‌ವೇ ಹತ್ತಿರವಾಗುತ್ತಿದೆ ಎಂದಾಗ ಅವರು ವಿಮಾನದ ಮೈಯನ್ನು ಗಾಳಿಗೆ ಓರೆಮಾಡಿ ಎತ್ತರ ಕಳೆದರು. ಗ್ಲೈಡರ್ ಕಲಿಯುವವರಿಗೆ ಹೇಳಿಕೊಡುವ ವಿದ್ಯೆ ಅದು. ಮ್ಯಾನಿಟೋಬಾದ ಗಿಮ್ಲಿಯಲ್ಲಿ ವಿಮಾನ ಇಳಿಯಿತು. ಒಳಗಿದ್ದ 69 ಮಂದಿಯೂ ಉಳಿದರು. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಏರ್‌ಬಸ್ ಇಳಿಸಿ 155 ಜೀವ ಉಳಿಸಿದ ಚೆಸ್ಲಿ ಸಲೆನ್‌ಬರ್ಗರ್ ಕೂಡ ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಗ್ಲೈಡರ್ ಕಲಿತು, ಕಲಿಸಿದವರು.

ಭಾನುವಾರ ಆಕಾಶ ಚೆನ್ನಾಗಿದ್ದರೆ ಅನುಭವಿಗಳು ದೂರ ಪ್ರಯಾಣಕ್ಕೆ ಹೊರಡುತ್ತಾರೆ. ಒಂದು ಮೋಡದಡಿ ಎತ್ತರ ಗಳಿಸಿ, ಮುಂದಿನ ಮೋಡದವರೆಗೆ ಜಾರಿ, ಮತ್ತೆ ಏರಿ, ನೂರಾರು ಕಿಲೋಮೀಟರ್ ಸುತ್ತಿ ಸಂಜೆಗೆ ಮರಳುತ್ತಾರೆ. ಈ ಹಾದಿಯ ಮೊದಲ ದೊಡ್ಡ ಮೆಟ್ಟಿಲು ಬೆಳ್ಳಿ ಬ್ಯಾಡ್ಜ್. ಅದಕ್ಕೆ ಮೂರು ಪರೀಕ್ಷೆ: ಐದು ಗಂಟೆ ಹಾರಾಟ, ಸಾವಿರ ಮೀಟರ್ ಎತ್ತರ ಗಳಿಕೆ, 50 ಕಿಲೋಮೀಟರ್ ದೂರ. 1930ರ ದಶಕದ ಆರಂಭದಿಂದ ಲೋಕಕ್ಕೆಲ್ಲ ಒಂದೇ ಅಳತೆ. ಏರುಗಾಳಿ ಕೈಕೊಟ್ಟರೆ ಯಾವುದೋ ರೈತರ ಹೊಲದಲ್ಲಿ ಇಳಿಯಬೇಕಾಗುತ್ತದೆ. ಹೊಲ ಸಾಕಷ್ಟು ಉದ್ದವಿದೆಯೇ, ಇಳಿಜಾರಿದೆಯೇ, ಪೈರು ಎತ್ತರವಿದೆಯೇ, ದನಗಳಿವೆಯೇ, ವಿದ್ಯುತ್ ತಂತಿ ಹಾದಿದೆಯೇ ಎಂದು ಮುನ್ನೂರು ಮೀಟರಿಗೂ ಮೇಲಿರುವಾಗಲೇ ನಿರ್ಧರಿಸಬೇಕು. ಇಳಿದ ಮೇಲೆ ಮೊದಲು ಹೊಲದ ಯಜಮಾನರನ್ನು ಕಂಡು ಮಾತಾಡಬೇಕು. ಆಮೇಲೆ ಕ್ಲಬ್ಬಿಗೆ ಫೋನು. ತಮ್ಮ ಹಾರಾಟ ಬಿಟ್ಟು ಇಬ್ಬರು ಮೂವರು ಟ್ರೇಲರ್ ಕಟ್ಟಿಕೊಂಡು ಹೊರಡುತ್ತಾರೆ, ರೆಕ್ಕೆ ಬಿಚ್ಚಿ ತುಂಬಿಕೊಂಡು ಬರುತ್ತಾರೆ. ಕರೆದವರು ಯಾರೇ ಇರಲಿ, ಹೋಗಲೇಬೇಕು ಎಂಬುದು ಕ್ಲಬ್ಬಿನ ಅಲಿಖಿತ ಮಾತು.

ಆ ಭಾನುವಾರ ಸಂಜೆ ಗಾಳಿ ತಣ್ಣಗಾದ ಮೇಲೆ ಒಬ್ಬ ಹುಡುಗಿಯ ಮೊದಲ ಒಂಟಿ ಹಾರಾಟವಿತ್ತು. ಬೋಧಕರು ಜೊತೆಯಲ್ಲೇ ಹಾರಿ, ಕೇಬಲ್ ತುಂಡಾದಾಗಿನ ಪಾಠವನ್ನು ಮತ್ತೊಮ್ಮೆ ಮಾಡಿಸಿ, ಇಳಿದು ಬಂದು, ಹಿಂದಿನ ಸೀಟಿನ ಬೆಲ್ಟುಗಳನ್ನು ಯಾವುದಕ್ಕೂ ಸಿಕ್ಕಿಕೊಳ್ಳದಂತೆ ಬಿಗಿದು ಕಟ್ಟಿದರು. "ಭಾರ ಕಡಿಮೆ, ಬೇಗ ಮೇಲೇರುತ್ತೆ, ಅಷ್ಟೇ ವ್ಯತ್ಯಾಸ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ರೆಕ್ಕೆ ಹಿಡಿದದ್ದು ಅವಳ ತಮ್ಮ, ಸಂಕೇತ ಕೊಟ್ಟದ್ದು ಅವಳ ಜೊತೆಗಾರ್ತಿ. ಅವಳು ಹಾರಿ ಬಂದು ಇಳಿದಾಗ ಮೈದಾನದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಕೆಳಗಿಳಿದವಳೇ ಗ್ಲೈಡರಿನ ರೆಕ್ಕೆ ಹಿಡಿದು ಅದನ್ನು ಸಾಲಿಗೆ ತಳ್ಳಲು ಶುರುಮಾಡಿದಳು. ಹಿಂದಿನ ಎಷ್ಟೋ ವಾರಾಂತ್ಯಗಳಲ್ಲಿ ಬೇರೆಯವರ ಗ್ಲೈಡರ್ ತಳ್ಳಿ, ಬೇರೆಯವರ ಕೇಬಲ್ ಕೂಡಿಸಿ, ಬೇರೆಯವರ ಜೀವದ ಹೊಣೆ ಹೊತ್ತವಳು ಅವಳು. ಹದಿನಾಲ್ಕರ ಮಕ್ಕಳನ್ನು ನಂಬಿ ಬಿಡಲು ಕಾರಣ ಇದೇ. ಆಕಾಶ ಸಿಗುವ ಮೊದಲು ಅವರು ನೆಲದ ಮೇಲೆ ಹೊಣೆ ಹೊರುವುದನ್ನು ಕಲಿತಿರುತ್ತಾರೆ.

ಈ ಆಟ ಬೆಳೆದ ಕಥೆಯೂ ಇಂಥದ್ದೇ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವರ್ಸೈಲ್ಸ್ ಒಪ್ಪಂದ ಎಂಜಿನ್ ವಿಮಾನಗಳ ಮೇಲೆ ಬಿಗಿ ನಿರ್ಬಂಧ ಹೇರಿತು. ಹಾರುವ ಆಸೆ ಬಿಡದ ವಿದ್ಯಾರ್ಥಿಗಳು ತಾವೇ ಮರ, ಬಟ್ಟೆಯಲ್ಲಿ ಗ್ಲೈಡರ್ ಕಟ್ಟಿ ವಾಸರ್‌ಕುಪ್ಪೆ ಎಂಬ ಬೆಟ್ಟಕ್ಕೆ ಹೊತ್ತೊಯ್ದರು. ಅಲ್ಲಿ 1920ರಲ್ಲಿ ಮೊದಲ ಸ್ಪರ್ಧೆ ನಡೆಯಿತು. 1911ರಲ್ಲಿ ಓರ್ವಿಲ್ ರೈಟ್ ಎಂಜಿನ್ ಇಲ್ಲದೆ ಹತ್ತು ನಿಮಿಷದ ಹತ್ತಿರ ಹಾರಿದ್ದೇ ಅಲ್ಲಿಯವರೆಗಿನ ದಾಖಲೆ. 1922ರ ಹೊತ್ತಿಗೆ ವಾಸರ್‌ಕುಪ್ಪೆಯಲ್ಲಿ ಮೂರು ಗಂಟೆಯ ಹಾರಾಟ ಸಾಧ್ಯವಾಯಿತು. 2018ರಲ್ಲಿ ಅರ್ಜೆಂಟೀನಾದಲ್ಲಿ ಪರ್ಲನ್ 2 ಎಂಬ ಗ್ಲೈಡರ್ ಆಂಡಿಸ್ ಪರ್ವತಗಳ ಆಚೆ ಏಳುವ ಗಾಳಿಯ ಅಲೆಗಳನ್ನೇರಿ 74 ಸಾವಿರ ಅಡಿಗೂ ಮೇಲೆ ಹೋಯಿತು. ಪ್ರಯಾಣಿಕ ವಿಮಾನಗಳು ಹಾರುವ ಎತ್ತರದ ಸುಮಾರು ಎರಡರಷ್ಟು ಅದು.

ನಮಗೆ ಇದು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆ ವಿನ್ಯಾಸ ಮಾಡಿದ್ದು ಜಿ-1 ಎಂಬ ಗ್ಲೈಡರ್. ಸ್ವಾತಂತ್ರ್ಯಾನಂತರ ನಾಗರಿಕ ವಿಮಾನಯಾನ ಇಲಾಖೆಯ ದೆಹಲಿಯ ತಾಂತ್ರಿಕ ಕೇಂದ್ರ ಸ್ವದೇಶಿ ಗ್ಲೈಡರುಗಳ ಸಾಲನ್ನೇ ರೂಪಿಸಿತು. ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ ಎಂದು ಪಂಚಾಂಗದ ನಕ್ಷತ್ರಗಳ ಹೆಸರನ್ನೇ ಅವಕ್ಕೆ ಇಟ್ಟರು. ಪುಣೆಯ ಹಡಪ್ಸರ್‌ನಲ್ಲಿ ಕೇಂದ್ರ ಸರ್ಕಾರದ ಗ್ಲೈಡಿಂಗ್ ಕೇಂದ್ರ ಹಲವು ತಲೆಮಾರುಗಳಿಗೆ ಹಾರಲು ಕಲಿಸಿತು. ಆಗ್ರಾದಲ್ಲಿ ಕೆಲಸ ಮಾಡುತ್ತಿದ್ದ ಬ್ಯಾಕ್ಟೀರಿಯಾ ತಜ್ಞ ಹ್ಯಾಂಕಿನ್ ನಮ್ಮ ಹದ್ದು, ರಣಹದ್ದುಗಳನ್ನು ನೋಡಿ ಅವು ರೆಕ್ಕೆ ಬಡಿಯದೆ ತೇಲುವ ಬಗೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದಿಟ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ, ಇಸ್ರೋವನ್ನು ಮುನ್ನಡೆಸಿದ ಸತೀಶ್ ಧವನ್ ಹಕ್ಕಿಗಳ ಹಾರಾಟವನ್ನೇ ಕುರಿತು ದೀರ್ಘ ಪ್ರಬಂಧ ಬರೆದರು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳು ಬಂಡೆಗೆ ಬಡಿದೇಳುವ ಗಾಳಿಯನ್ನೂ ಬಿಸಿಲಿನ ಏರುಗಾಳಿಯನ್ನೂ ಹಿಡಿದು ಇಂದಿಗೂ ಅದೇ ವಿದ್ಯೆ ತೋರಿಸುತ್ತವೆ.

ಇಂಗ್ಲೆಂಡಿನ ಪೈಲಟ್ ಒಳ್ಳೆಯ ಬಿಸಿಲಿಗಾಗಿ ಬೇಸಿಗೆಯನ್ನೇ ಕಾಯಬೇಕು. ನಮ್ಮ ದಖ್ಖನ್ ಬಯಲಿನ ಮೇಲೆ ಮಳೆಗಾಲ ಬಿಟ್ಟರೆ ತಿಂಗಳುಗಟ್ಟಲೆ ಬಿಸಿಲು ಏರುಗಾಳಿ ಎಬ್ಬಿಸುತ್ತದೆ. ವಿಮಾನ ಕಟ್ಟುವ ಕಾರ್ಖಾನೆ, ಸಂಶೋಧನಾಲಯ, ಏರೋನಾಟಿಕಲ್ ಎಂಜಿನಿಯರಿಂಗ್ ಓದುವ ಸಾವಿರಾರು ಮಕ್ಕಳು, ಜಕ್ಕೂರಿನ ವೈಮಾನಿಕ ಶಾಲೆ, ಎಲ್ಲವೂ ಇರುವ ನಾಡು ನಮ್ಮದು. ಹಾಗಿದ್ದರೂ ಇಡೀ ದೇಶದಲ್ಲಿ ಸಾಮಾನ್ಯರು ಗ್ಲೈಡಿಂಗ್ ಕಲಿಯಬಹುದಾದ ತಾಣಗಳು ಬೆರಳೆಣಿಕೆಯಷ್ಟು. ವಿಮಾನದ ರೆಕ್ಕೆಯ ಸೂತ್ರವನ್ನು ಪರೀಕ್ಷೆಗೆ ಬರೆದವರಲ್ಲಿ ಹೆಚ್ಚಿನವರು ಆ ರೆಕ್ಕೆ ಗಾಳಿಯಲ್ಲಿ ನಡೆದುಕೊಳ್ಳುವ ಬಗೆಯನ್ನು ಕೈಯಾರೆ ಅನುಭವಿಸದೆಯೇ ಪದವಿ ಪಡೆಯುತ್ತಾರೆ.

ಇದನ್ನು ಬದಲಿಸಲು ದೊಡ್ಡ ವಿಮಾನ ನಿಲ್ದಾಣ ಬೇಕಿಲ್ಲ. ಉದ್ದನೆಯ ಒಂದು ಬಯಲು, ಒಂದು ವಿಂಚ್, ಎರಡು ಸೀಟಿನ ಒಂದೆರಡು ಗ್ಲೈಡರು, ಪರವಾನಗಿ ಇರುವ ಬೋಧಕರು, ವಾರಾಂತ್ಯ ಕೊಡಲು ಸಿದ್ಧರಿರುವ ಇಪ್ಪತ್ತು ಮೂವತ್ತು ಜನ ಸಾಕು. ಸರ್ಕಾರದ ಪಾಲು ಜಾಗ ಮತ್ತು ಅನುಮತಿ. ಎಂಜಿನಿಯರಿಂಗ್ ಕಾಲೇಜುಗಳ ಪಾಲು ಮಕ್ಕಳನ್ನು ಕಳಿಸುವುದು. ನಿವೃತ್ತ ವಾಯುಪಡೆ ಅಧಿಕಾರಿಗಳು ನಮ್ಮ ನಗರಗಳಲ್ಲಿ ಬಹಳಷ್ಟಿದ್ದಾರೆ. ಕಲಿಸಲು ಅವರನ್ನು ಕೇಳಿಕೊಳ್ಳಬೇಕು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಬಯಲುಸೀಮೆಯ ಒಂದು ಜಿಲ್ಲೆಯನ್ನು ಆರಿಸಿಕೊಂಡು ಒಂದು ಕ್ಲಬ್ಬನ್ನಾದರೂ ಆರಂಭಿಸಲಿ. ಅಲ್ಲಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಅದರಲ್ಲಿ ಮೊದಲ ಸೀಟು ಸಿಗಲಿ.